ಗಂಜಾಂನಿಂದ ನಾಗಮಂಗಲಕ್ಕೆ: ಮೇಷ್ಟ್ರು ಕೇಳಿದ ಮೂರು ಪ್ರಶ್ನೆ

"ಹೌದಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ ಸಾರ್!"

ವೀಕ್ಷಕರೇ, ರಾತ್ರಿ ಒಂಬತ್ತರ ಚರ್ಚೆಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದೇ. ನಿಮಗೂ ಗೊತ್ತು. ಆವತ್ತು ವಿಷಯ ಶ್ರೀರಂಗಪಟ್ಟಣ. ಎಡಕ್ಕೆ ಕೂತ ಅತಿಥಿ, ಟಿಪ್ಪು ರಂಗನಾಥನಿಗೆ ಬೆಳ್ಳಿ ಪಾತ್ರೆ ಕೊಟ್ಟಿದ್ದಾನೆ, ಹೋಗಿ ನೋಡಿ ಅಂದರು. ಬಲಕ್ಕೆ ಕೂತವರು, ಮೇಲುಕೋಟೆಗೆ ಹೋಗಿ ಕೇಳಿ, ನರಕ ಚತುರ್ದಶಿಗೆ ಇವತ್ತಿಗೂ ದೀಪ ಹಚ್ಚದ ಮನೆಗಳಿವೆ ಅಂದರು. ನಡುವೆ ನಾನು. ಟೇಬಲ್ ಕುಟ್ಟಿ ಕೇಳಿದೆ: "ದೇವಸ್ಥಾನ ಕಾಪಾಡಿದನಾ, ಕೆಡಿಸಿದನಾ? ಎರಡರಲ್ಲಿ ಒಂದು ಹೇಳಿ!" ಅವರು ಕೂಗಿದರು, ನಾನೂ ಕೂಗಿದೆ. ಬ್ರೇಕ್ ಬಂತು. ಕಾರ್ಯಕ್ರಮ ಚೆನ್ನಾಗಿ ಬಂತು ಅಂತ ಎಲ್ಲರೂ ಬೆನ್ನು ತಟ್ಟಿದರು.

ಒಂದು ವಾರ ಕಳೆದ ಮೇಲೆ ಆಫೀಸಿಗೆ ಒಂದು ಕಾಗದ ಬಂತು. ಪಾಂಡವಪುರದ ಕಡೆಯ ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು ಬರೆದದ್ದು. ಬೈದಿರಲಿಲ್ಲ. ನಾಲ್ಕೇ ಸಾಲು. ನಿಮ್ಮ ಪ್ರಶ್ನೆಗೆ ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ತಪ್ಪು ಉತ್ತರದ್ದಲ್ಲ, ಪ್ರಶ್ನೆಯದ್ದು. ಎರಡು ದಿನ ಬಿಡುವು ಮಾಡ್ಕೊಂಡು ಬನ್ನಿ, ಕಲ್ಲುಗಳ ಹತ್ತಿರ ಕರ್ಕೊಂಡು ಹೋಗ್ತೀನಿ. ಕ್ಯಾಮೆರಾ ತರಬೇಡಿ.

ಹೋದೆ. ಕ್ಯಾಮೆರಾ ಇಲ್ಲದೆ ನಾನು ಎಲ್ಲಿಗಾದರೂ ಹೋಗಿ ಎಷ್ಟು ವರ್ಷ ಆಗಿತ್ತೋ!

ಮೇಷ್ಟ್ರು ಬರಹೇಳಿದ್ದು ಗಂಜಾಂಗೆ. ನಿಮಿಷಾಂಬ ದೇವಸ್ಥಾನದ ಮುಂದೆ ನಿಂತಿರ್ತೀನಿ ಅಂದಿದ್ದರು. ಶುಕ್ರವಾರ. ಕಾವೇರಿ ದಂಡೆಯವರೆಗೂ ಜನ. ಬೆಂಗಳೂರಿನ ಟೂರಿಸ್ಟ್ ಬಸ್ಸುಗಳು, ಅರಿಶಿನ ಕುಂಕುಮ ಬಳೆ ಹಿಡಿದ ತಾಯಂದಿರು, ಮಗಳಿಗೆ ಮದುವೆ ಕೂಡಿಬರಲಿ ಅಂತ ಹರಕೆ ಹೊತ್ತವರು. ಬೇಡಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿ ಅನ್ನೋದು ಜನರ ನಂಬಿಕೆ. ಮುಕ್ತಕ ಋಷಿಯ ಯಾಗಕ್ಕೆ ರಾಕ್ಷಸರು ಅಡ್ಡ ಬಂದಾಗ ನಿಮಿಷ ಮಾತ್ರದಲ್ಲಿ ಪ್ರತ್ಯಕ್ಷಳಾದಳಂತೆ, ಅದಕ್ಕೇ ಆ ಹೆಸರು. ಕ್ಯೂನಲ್ಲಿ ನಿಂತು ದರ್ಶನ ಮಾಡಿ, ಹೊಳೆ ಮೆಟ್ಟಿಲ ಮೇಲೆ ಕೂತೆವು. ಆಚೆ ಕರಿಘಟ್ಟದ ಬೆಟ್ಟ ಕಾಣುತ್ತಿತ್ತು.

ಮೇಷ್ಟ್ರು ಕೇಳಿದರು: "ಗಂಜಾಂ ಅನ್ನೋದು ಯಾವ ಭಾಷೆ?"

ನಾನು ತಲೆ ಕೆರೆದುಕೊಂಡೆ.

"ಗಂಜ್ ಅಂದರೆ ಪೇಟೆ, ಪಾರ್ಸಿ ಮಾತು. ಹಳೇ ಹೆಸರು ಶಹರ್ ಗಂಜಾಂ. ಟಿಪ್ಪು ಕಟ್ಟಿಸಿದ ಪೇಟೆ ಇದು. ಕೈಕಸುಬು ಬೆಳೀಲಿ ಅಂತ ಶಿರಾ ಪಟ್ಟಣದಿಂದ 12 ಸಾವಿರ ಕುಟುಂಬಗಳನ್ನ ಎಬ್ಬಿಸಿ ತಂದು ಇಲ್ಲಿ ಕೂರಿಸಿದ ಅಂತ ರೈಸ್ ಸಾಹೇಬರು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ. ಈಗ ಹೇಳಿ, ಇದು ಊರು ಕಟ್ಟಿದ್ದಾ, ಊರು ಕೆಡಿಸಿದ್ದಾ? ಗಂಜಾಂನವರನ್ನ ಕೇಳಿದ್ರೆ ಒಂದು ಉತ್ತರ, ಶಿರಾದವರನ್ನ ಕೇಳಿದ್ರೆ ಇನ್ನೊಂದು."

ನಾನು ಸುಮ್ಮನಾದೆ. ಮೇಷ್ಟ್ರು ಬಿಡಲಿಲ್ಲ. 1792ರಲ್ಲಿ ಇಂಗ್ಲಿಷರ ಸೈನ್ಯ ಇದೇ ದ್ವೀಪದಲ್ಲಿ ಬೀಡುಬಿಟ್ಟು, ಲಾಲ್‌ಬಾಗಿನ ಸೈಪ್ರೆಸ್ ಮರಗಳನ್ನ ಮುತ್ತಿಗೆಯ ಕೆಲಸಕ್ಕೆ ಕಡಿದು ಹಾಕಿತು. 1799ರ ಮೇ 4ರಂದು ಕೋಟೆ ಬಿತ್ತು. ಮರುವರ್ಷ ಬುಕಾನನ್ ಬಂದು ಮನೆ ಲೆಕ್ಕ ಹಾಕಿದಾಗ, ಕೋಟೆ ಮತ್ತು ಗಂಜಾಂ ಎರಡೂ ಸೇರಿ ಸುಮಾರು 32 ಸಾವಿರ ಜನ. ರಾಜಧಾನಿ ಮೈಸೂರಿಗೆ ಹೋಯಿತು, ಅಂಗಡಿ ಸಾಲು ಕರಗಿತು. ಆ ಕಾಲದಲ್ಲೇ ಅಬ್ಬೆ ದುಬಾಯ್ ಅನ್ನುವ ಫ್ರೆಂಚ್ ಪಾದ್ರಿ ಇಲ್ಲಿಗೆ ಬಂದರು. ಅವರ ಹೆಸರಿನ ಚರ್ಚು ಗಂಜಾಂನಲ್ಲಿ ಈಗಲೂ ಇದೆ. ಟಿಪ್ಪು ಪೇಟೆ ಹೋಗಿ ಅಂಜೂರದ ತೋಟ ಉಳಿಯಿತು. ಗಂಜಾಂ ಅಂಜೂರ ಅಂದರೆ ಇವತ್ತಿಗೂ ಹೆಸರುವಾಸಿ. ಪೇಟೆಗೆ ಮತ್ತೆ ಜನ ತಂದವಳು ನಿಮಿಷಾಂಬ.

"ಹತ್ತು ನಿಮಿಷದ ಜಾಗದಲ್ಲಿ ದೇವಸ್ಥಾನ, ಗುಂಬಜ್, ಚರ್ಚು. ನೀವು ಇಲ್ಲಿ ಕ್ಯಾಮೆರಾ ಇಟ್ಟು ಯಾರನ್ನ ಏನು ಕೇಳ್ತೀರಿ?" ಅಂದರು. ಆಮೇಲೆ ತಮ್ಮ ಮೂರು ಪ್ರಶ್ನೆ ಹೇಳಿದರು. ಯಾವುದೇ ದೇವಸ್ಥಾನಕ್ಕೆ ಹೋದರೂ ಮೊದಲು ಕೇಳಬೇಕಾದ್ದು: ಕಟ್ಟಿದವರು ಯಾರು? ಎರಡನೇದು: ಕೆಡವಿದವರು ಯಾರು? ಮೂರನೇದು: ಈಗ ನೋಡ್ಕೋತಾ ಇರೋರು ಯಾರು? "ನಿಮ್ಮ ಟೀವಿಯವರು ಎರಡನೇದನ್ನ ಮಾತ್ರ ಕೇಳ್ತೀರಿ" ಅಂದರು.

ಕಾರು ಹೊರಟಿತು.

ಶ್ರೀರಂಗಪಟ್ಟಣದ ರಂಗನಾಥ. ಕಾವೇರಿ ಉದ್ದಕ್ಕೂ ಮಲಗಿರುವ ರಂಗನಾಥರಲ್ಲಿ ಇವನೇ ಮೊದಲನೆಯವನು, ಆದಿರಂಗ. ಮೊದಲ ಪ್ರಶ್ನೆ, ಕಟ್ಟಿದವರು ಯಾರು? 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಅಂತ ಹೇಳುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ. ಒಳಗೆ ನಡೆಯುತ್ತಾ ಹೋದರೆ ಹೊಯ್ಸಳರ ಕೈ ಕಾಣುತ್ತೆ, ವಿಜಯನಗರದ ಕೈ ಕಾಣುತ್ತೆ, ಒಡೆಯರ ಕೈ ಕಾಣುತ್ತೆ. ವಿಷ್ಣುವಿನ 24 ರೂಪಗಳನ್ನು ಕೆತ್ತಿದ ಎರಡು ಕಂಬಗಳಿವೆ, ನೋಡದೆ ಬರಬೇಡಿ. ಒಬ್ಬ ಕಟ್ಟಿದ ಗುಡಿ ಅಲ್ಲ ಇದು. ಸಾವಿರ ವರ್ಷ ಕಟ್ಟುತ್ತಲೇ ಇದ್ದ ಗುಡಿ.

ಈಗ ಇದೇ ಊರಿನ ಇನ್ನೊಂದು ಕಥೆ ಕೇಳಿ. 1454ರಲ್ಲಿ ನಾಗಮಂಗಲದ ಹೆಬ್ಬಾರ್ ತಿಮ್ಮಣ್ಣ ಅನ್ನುವವರು ವಿಜಯನಗರದ ಅರಸರಿಂದ ದಣಾಯಕ ಪದವಿ ಪಡೆದು ಇಲ್ಲಿ ಕೋಟೆ ಕಟ್ಟಿಸಿದರು, ರಂಗನಾಥನ ಗುಡಿಯನ್ನು ದೊಡ್ಡದು ಮಾಡಿಸಿದರು. ಕಲ್ಲು ಎಲ್ಲಿಂದ ಬಂತು? ಪಕ್ಕದ ಕಳಸವಾಡಿಯಲ್ಲಿದ್ದ 101 ಜೈನ ಬಸದಿಗಳನ್ನು ಬಿಚ್ಚಿ ತಂದರು ಅನ್ನುವ ಐತಿಹ್ಯವನ್ನು ರೈಸ್ ದಾಖಲಿಸಿದ್ದಾರೆ. 101 ಅನ್ನೋದು ಲೆಕ್ಕವೋ, ಬಾಯಿಮಾತೋ ಬಿಡಿ. ಆ ಬಸದಿಗಳ ನೆನಪು ಜನರ ಬಾಯಲ್ಲಿ ನಾಲ್ಕು ಶತಮಾನ ಉಳಿದಿತ್ತಲ್ಲ, ಅದು ಮುಖ್ಯ.

ನನ್ನ ಚರ್ಚೆಯಲ್ಲಿ ಈ ಸಾಲು ಬಂದಿತ್ತಾ? ಇಲ್ಲ. ಎಡದವರೂ ಹೇಳಲಿಲ್ಲ, ಬಲದವರೂ ಹೇಳಲಿಲ್ಲ, ನನಗಂತೂ ಗೊತ್ತೇ ಇರಲಿಲ್ಲ. ಯಾರಿಗೂ ಅನುಕೂಲವಿಲ್ಲದ ಸತ್ಯ ನೋಡಿ, ಅದು ಸ್ಟುಡಿಯೋವರೆಗೂ ಬರೋದೇ ಇಲ್ಲ.

ಟಿಪ್ಪು ಕೊಟ್ಟ ಬೆಳ್ಳಿ ಪಾತ್ರೆಗಳ ಮಾತೂ ನಿಜ. ಇಲ್ಲಿಗೆ ಮಾತ್ರ ಅಲ್ಲ, ಮೇಲುಕೋಟೆ, ಕಳಲೆ, ನಂಜನಗೂಡಿನ ದೇವಸ್ಥಾನಗಳಿಗೂ ಅವನ ಕಾಣಿಕೆ ಹೋಗಿದೆ. ಅರಮನೆ ಇದ್ದದ್ದು ರಂಗನಾಥನ ಗುಡಿಯ ಎದುರಿಗೇ. ಬೆಳಗ್ಗೆ ಎದ್ದರೆ ಕಿವಿಗೆ ಬೀಳುತ್ತಿದ್ದದ್ದು ಇದೇ ಗುಡಿಯ ಗಂಟೆ. ಎರಡನೇ ಮಾತಿಗೆ ಮೇಲುಕೋಟೆಯಲ್ಲಿ ಬರ್ತೀನಿ, ಸ್ವಲ್ಪ ತಾಳಿ.

ಮೇಲುಕೋಟೆಗೆ ಮುಂಚೆ ಮೇಷ್ಟ್ರು ಕಾರನ್ನು ಕನ್ನಂಬಾಡಿ ಕಡೆ ತಿರುಗಿಸಿದರು. ಕೆಆರ್‌ಎಸ್ ಹಿನ್ನೀರಿನ ದಂಡೆಯ ಮೇಲೆ ವೇಣುಗೋಪಾಲನ ಗುಡಿ. ಸಂಜೆ ಹೊತ್ತು ನೀರಿಗೆ ಮುಖ ಮಾಡಿ ನಿಂತರೆ ಫೋಟೋ ತೆಗೆಯೋಕೆ ಯಾತ್ರಿಕರ ನೂಕುನುಗ್ಗಲು. ಇದು ಹೊಯ್ಸಳರ ಕಾಲದ ಗುಡಿ. ಆದರೆ ಇದ್ದ ಜಾಗ ಇದಲ್ಲ. ಹಳೇ ಕನ್ನಂಬಾಡಿ ಅಂತ ಒಂದು ಊರಿತ್ತು. 1911ರಲ್ಲಿ ಅಣೆಕಟ್ಟೆ ಕೆಲಸ ಶುರುವಾಯಿತು, ಊರೂ ಮುಳುಗಿತು, ಗುಡಿಯೂ ಮುಳುಗಿತು. ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ಗೋಪುರ ಮೇಲೆ ಕಾಣುತ್ತಿತ್ತು. ಖೋಡೇ ಪ್ರತಿಷ್ಠಾನದವರು ಅದನ್ನು ಬಿಚ್ಚಿ ತಂದು ಎತ್ತರದ ಈ ಜಾಗದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು.

"ಕೆಡವಿದವರು ಯಾರು?" ಅಂದರು ಮೇಷ್ಟ್ರು.

ಬಾಯಿಗೆ ಬಂದದ್ದು, ಸರ್ಕಾರ, ಮಹಾರಾಜರು, ಇಂಜಿನಿಯರುಗಳು. ಆದರೆ ಹೇಳಲಿಲ್ಲ. ಯಾಕೆ ಗೊತ್ತಾ? ನಮ್ಮ ತಾತನ ಗದ್ದೆ ಮಂಡ್ಯದ ಬಯಲಲ್ಲಿತ್ತು. ಮಳೆ ನಂಬಿ ರಾಗಿ ಬಿತ್ತುತ್ತಿದ್ದ ನೆಲಕ್ಕೆ ನಾಲೆ ನೀರು ಬಂದದ್ದು ಇದೇ ಕಟ್ಟೆಯಿಂದ. ಆ ನೀರಲ್ಲಿ ಬೆಳೆದ ಕಬ್ಬಿನ ದುಡ್ಡಲ್ಲಿ ನಮ್ಮಪ್ಪ ಓದಿದ್ದು, ಅಪ್ಪ ಓದಿದ್ದಕ್ಕೆ ನಾನು ಟೀವಿಯಲ್ಲಿ ಕೂತಿದ್ದು. ಅಂದರೆ ಈ ಗುಡಿ ಮುಳುಗಿದ್ದರಿಂದ ಉಣ್ಣುತ್ತಿರುವ ಕುಟುಂಬ ನಮ್ಮದು. ಎರಡನೇ ಪ್ರಶ್ನೆಯನ್ನು ಬೇರೆಯವರಿಗೆ ಕೇಳುವಾಗ ಗಂಟಲು ಎಷ್ಟು ದೊಡ್ಡದಾಗುತ್ತೆ, ನಮಗೇ ತಿರುಗಿ ಬಂದಾಗ ಎಷ್ಟು ಸಣ್ಣದಾಗುತ್ತೆ ಅನ್ನೋದು ಆ ದಂಡೆಯ ಮೇಲೆ ಗೊತ್ತಾಯಿತು. ಕಟ್ಟೆ ಬೇಡವಾಗಿತ್ತು ಅಂತ ಹೇಳುತ್ತಿಲ್ಲ. ಮಂಡ್ಯದವನು ಆ ಮಾತು ಆಡೋಕೆ ಸಾಧ್ಯವೇ ಇಲ್ಲ. ಕೊಟ್ಟ ಬೆಲೆ ಮರೀಬಾರದು, ಅಷ್ಟೇ.

ಪಾಂಡವಪುರ ದಾಟಿದೆವು. ಹಳೇ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಇದ್ದದ್ದರಿಂದ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂತ ಕರೆದರು. ಅಲ್ಲಿಂದ ತೊಣ್ಣೂರು. ಕೆರೆ ನೋಡಿದರೆ ಕಣ್ಣು ತುಂಬುತ್ತೆ, ಬೆಟ್ಟಗಳ ನಡುವೆ ತಿಳಿನೀರು. ಬಿಟ್ಟಿದೇವ ರಾಮಾನುಜರ ಶಿಷ್ಯನಾಗಿ ವಿಷ್ಣುವರ್ಧನನಾದದ್ದು ಈ ತೊಂಡನೂರಿನಲ್ಲೇ ಅನ್ನೋದು ಪರಂಪರೆಯ ಮಾತು. ನಂಬಿನಾರಾಯಣನ ಗುಡಿ, ವೇಣುಗೋಪಾಲನ ಗುಡಿ, ಬೆಟ್ಟದ ಮೇಲೆ ಯೋಗನರಸಿಂಹ. ಊರಲ್ಲಿ ಒಂದು ಹಳೇ ದರ್ಗಾನೂ ಇದೆ. ದೆಹಲಿ ಸೈನ್ಯ ದೋರಸಮುದ್ರವನ್ನು ಹಾಳು ಮಾಡಿದಾಗ ಹೊಯ್ಸಳ ದೊರೆ ಬಂದು ತಲೆ ಮರೆಸಿಕೊಂಡದ್ದು ಈ ಊರಲ್ಲಿ. ಮುಂದೆ ಟಿಪ್ಪು ಕಾಲದಲ್ಲಿ ಇದೇ ಕೆರೆಯ ಏರಿ ಒಡೆಸಿದರು. ಏರಿ ಮತ್ತೆ ಕಟ್ಟಿದ್ದಾರೆ, ಗದ್ದೆಗೆ ನೀರು ಹೋಗ್ತಿದೆ. ವಿಷ್ಣುವರ್ಧನ ವೈಷ್ಣವನಾದ, ಸರಿ. ರಾಣಿ ಶಾಂತಲೆ ಜೈನಳಾಗಿಯೇ ಇದ್ದಳು. 1116ರಲ್ಲಿ ತಲಕಾಡು ಗೆದ್ದುಕೊಟ್ಟ ದಂಡನಾಯಕ ಗಂಗರಾಜನೂ ಜೈನನೇ. ಒಂದೇ ಅರಮನೆ, ಎರಡು ಧರ್ಮ. ಆ ಕಾಲದವರಿಗೆ ಅದು ಬ್ರೇಕಿಂಗ್ ನ್ಯೂಸ್ ಆಗಿರಲಿಲ್ಲ.

ಮೇಲುಕೋಟೆ ತಲುಪಿದಾಗ ಕತ್ತಲಾಗಿತ್ತು. ರಾತ್ರಿ ಅಲ್ಲೇ ಉಳಿದೆವು. ಪುಳಿಯೋಗರೆ ತಿಂದು ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಮೇಷ್ಟ್ರು ಹೇಳಿದ್ದನ್ನು ನಿಮಗೆ ಹಾಗೇ ಒಪ್ಪಿಸ್ತೀನಿ.

ಚೆಲುವನಾರಾಯಣನ ಪಾದದ ಬಳಿ ಒಂದು ಪುಟ್ಟ ವಿಗ್ರಹವಿದೆ, ಬೀಬಿ ನಾಚ್ಚಿಯಾರ್. ದೆಹಲಿ ಸುಲ್ತಾನನ ಮಗಳಂತೆ. ಅರಮನೆ ಸೇರಿದ್ದ ಉತ್ಸವಮೂರ್ತಿಯನ್ನು ಗೊಂಬೆ ಅಂತ ಆಡಿಸಿ, ಕೊನೆಗೆ ಅದನ್ನೇ ಪ್ರೀತಿಸಿ, ರಾಮಾನುಜರು ಮೂರ್ತಿಯನ್ನು ಎತ್ತಿಕೊಂಡು ಬಂದಾಗ ಅಗಲಿರಲಾರದೆ ಹಿಂದೆಯೇ ಬಂದು ದೇವರಲ್ಲಿ ಒಂದಾದಳಂತೆ. ಇತಿಹಾಸದ ಲೆಕ್ಕಕ್ಕೆ ಈ ಕಥೆ ಕೂರೋದಿಲ್ಲ. ದೆಹಲಿಗೆ ಸುಲ್ತಾನರು ಬಂದದ್ದು 1206ರಲ್ಲಿ, ಅಷ್ಟು ಹೊತ್ತಿಗೆ ರಾಮಾನುಜರು ಪರಮಪದ ಸೇರಿ ಎಷ್ಟೋ ಕಾಲವಾಗಿತ್ತು. ಆದರೆ ಮೇಲುಕೋಟೆಯವರು ಕಥೆ ಬಿಟ್ಟಿಲ್ಲ, ವಿಗ್ರಹಕ್ಕೆ ಪೂಜೆ ನಿಂತಿಲ್ಲ. ತಮ್ಮ ದೇವರನ್ನು ಹೊತ್ತೊಯ್ದವರ ಮನೆಯ ಹುಡುಗಿಗೆ ದೇವರ ಪಾದದಲ್ಲೇ ಜಾಗ ಕೊಟ್ಟ ಊರು ಇದು. ಅದೇ ರಾಮಾನುಜರು ಊರಾಚೆ ಇಟ್ಟವರನ್ನು ತಿರುಕುಲದವರು ಅಂತ ಕರೆದು ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಡಿಸಿದರು ಅನ್ನುತ್ತೆ ಪರಂಪರೆ. ಮೂರೇ ದಿನವಾ ಅಂತ ಇವತ್ತು ನಾವು ಕೇಳಬಹುದು, ಕೇಳಲೇಬೇಕು. ಒಂಬೈನೂರು ವರ್ಷದ ಹಿಂದೆ ಆ ಮೂರು ದಿನವೂ ಸಣ್ಣ ಮಾತಲ್ಲ.

ಈಗ ಎರಡನೇ ಪ್ರಶ್ನೆ. 1771. ಪಕ್ಕದ ಚಿನಕುರಳಿಯಲ್ಲಿ ಮರಾಠರು ಹೈದರನ ಸೈನ್ಯವನ್ನು ಚಿಂದಿ ಮಾಡಿದರು. ಹೈದರ್ ಶ್ರೀರಂಗಪಟ್ಟಣಕ್ಕೆ ಓಡಿದ. ಗೆದ್ದವರು ಬಂದದ್ದು ಮೇಲುಕೋಟೆಗೆ. ಊರು ಲೂಟಿಯಾಯಿತು. ದೇವರ ದೊಡ್ಡ ದೊಡ್ಡ ಮರದ ರಥಗಳಿಗೆ ಬೆಂಕಿ ಇಟ್ಟರು. ಯಾಕೆ? ರಥಕ್ಕೆ ಬಡಿದಿದ್ದ ಕಬ್ಬಿಣ ಆರಿಸಿಕೊಳ್ಳೋಕೆ! ಬೆಂಕಿ ಹಬ್ಬಿ ಗುಡಿಗಳೂ ಸುಟ್ಟವು. ರಥ ಸುಟ್ಟವರೂ ಹಣೆಗೆ ಕುಂಕುಮ ಇಡುತ್ತಿದ್ದವರೇ.

ಅದಾದ ಮೇಲೆ ಟಿಪ್ಪು ಕಾಲ. ಇದೇ ಗುಡಿಗೆ ಅವನ ಕಾಣಿಕೆ ಬಂದಿದೆ. ಇದೇ ಊರಿನ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ, ನಮ್ಮವರನ್ನು ನರಕ ಚತುರ್ದಶಿಯ ದಿನ ಅವನು ಕೊಲ್ಲಿಸಿದ ಅನ್ನುವ ನೆನಪಿದೆ, ಆ ನೆನಪಿಗೆ ಹಬ್ಬವಿಲ್ಲ. ಬೆಳ್ಳಿ ಪಾತ್ರೆ ತೋರಿಸಿ ಆ ಮನೆಗಳ ಕತ್ತಲೆಯನ್ನು ಇಲ್ಲ ಅನ್ನೋಕಾಗಲ್ಲ. ಕತ್ತಲೆ ತೋರಿಸಿ ಬೆಳ್ಳಿಯನ್ನು ಸುಳ್ಳು ಅನ್ನೋಕೂ ಆಗಲ್ಲ. "ಎರಡೂ ಒಂದೇ ಊರಿನ ನೆನಪು ಸಾ. ಊರು ಎರಡನ್ನೂ ಹೊತ್ಕೊಂಡೈತೆ. ನಿಮ್ಮ ಕೈಲಿ ಒಂದು ಗಂಟೆ ಹೊರೋಕಾಗಲ್ವಾ?" ಅಂದರು ಮೇಷ್ಟ್ರು.

ಮೂರನೇ ಪ್ರಶ್ನೆಗೆ ಮೇಲುಕೋಟೆಯಲ್ಲಿ ಒಳ್ಳೆಯ ಉತ್ತರವಿದೆ. ರಾಜ ಒಡೆಯರು ಕೊಟ್ಟ ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿ, ಅವೆಲ್ಲಕ್ಕಿಂತ ಹಳೆಯದು ಅಂತ ಜನ ನಂಬುವ ವೈರಮುಡಿ. ವೈರಮುಡಿ ಇರೋದು ಮಂಡ್ಯದ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಹಳ್ಳಿಹಳ್ಳಿಯಲ್ಲಿ ಪೂಜೆ ಮಾಡಿಸಿಕೊಂಡು ಬೆಟ್ಟ ಹತ್ತುತ್ತೆ. ಸರ್ಕಾರ, ಅರ್ಚಕರು, ಹಳ್ಳಿಯವರು ಮೂವರೂ ಸೇರಿದರೆ ಮಾತ್ರ ಆ ಕಿರೀಟ ದೇವರ ತಲೆ ಮುಟ್ಟುತ್ತೆ.

ಮಾರನೇ ದಿನ ಕೆ.ಆರ್. ಪೇಟೆ ಕಡೆ. ಹಳೇ ಹೆಸರು ಅತ್ತಿಕುಪ್ಪೆ. ಪೇಟೆಯ ಪಕ್ಕದಲ್ಲೇ ಹೊಸಹೊಳಲು. ಬೇಲೂರು ಹಳೇಬೀಡು ನೋಡಿದವರು ನಮ್ಮಲ್ಲಿ ಲಕ್ಷ ಲಕ್ಷ. ಹೊಸಹೊಳಲು ನೋಡಿದವರು ಕೈ ಎತ್ತಿ! ಮೂರು ಗರ್ಭಗುಡಿಯ ಲಕ್ಷ್ಮೀನಾರಾಯಣ ದೇವಸ್ಥಾನ. ಗೋಡೆ ಸುತ್ತ ರಾಮಾಯಣ, ಮಹಾಭಾರತ, ಭಾಗವತ ಪಟ್ಟಿ ಪಟ್ಟಿಯಾಗಿ ಓಡುತ್ತವೆ. ಕಲ್ಲಿನಲ್ಲಿ ಕೂದಲೆಳೆಯಷ್ಟು ಕೆಲಸ. ಕಟ್ಟಿದವರು ಯಾರು? ಕಟ್ಟಿಸಿದವರ ಶಾಸನವೇ ಇಲ್ಲ. ಶೈಲಿ ನೋಡಿ ಸುಮಾರು 1250, ವೀರ ಸೋಮೇಶ್ವರನ ಕಾಲ ಅಂತ ವಿದ್ವಾಂಸರು ಹೇಳುತ್ತಾರೆ. ಇಷ್ಟು ಮಾಡಿ ಹೆಸರೇ ಹಾಕದೆ ಹೋದರಲ್ಲ ಸ್ವಾಮಿ! ನಾವು ಬಸ್ ಸ್ಟಾಪಿಗೆ ಒಂದು ತಗಡು ಹೊದಿಸಿದರೂ ಅದರ ಮೇಲೆ ಎಷ್ಟು ಫೋಟೋ, ಎಷ್ಟು ಹೆಸರು.

ಕಿಕ್ಕೇರಿ ಅಂದರೆ ನಮಗೆ ನೆನಪಾಗೋದು ಕೆ.ಎಸ್. ನರಸಿಂಹಸ್ವಾಮಿ, 1915ರಲ್ಲಿ ಹುಟ್ಟಿದ ಊರು. ಅಲ್ಲಿ ಬ್ರಹ್ಮೇಶ್ವರ ದೇವಸ್ಥಾನವಿದೆ. ಇಲ್ಲಿ ಕಟ್ಟಿಸಿದವರ ಹೆಸರು ಉಳಿದಿದೆ, ಅದು ರಾಜನದಲ್ಲ. ಒಬ್ಬ ಹೆಣ್ಣುಮಗಳದು. ಬಮ್ಮವ್ವೆ ನಾಯಕಿತಿ, 1171. ನಮ್ಮ ಪಠ್ಯಪುಸ್ತಕದಲ್ಲಿ ಈ ಹೆಸರನ್ನು ನಾನು ಓದಿಲ್ಲ. ನೀವು ಓದಿದ್ದೀರಾ?

ಕಿಕ್ಕೇರಿಯಿಂದ ಸ್ವಲ್ಪ ದೂರದಲ್ಲಿ ಗೋವಿಂದನಹಳ್ಳಿ. ಹೊಲಗಳ ನಡುವೆ ಒಂದು ಸಾಲಿಗೆ ಐದು ಗರ್ಭಗುಡಿ, ಐದು ಶಿಖರ, ಪಂಚಲಿಂಗೇಶ್ವರ. ಐದು ಗರ್ಭಗುಡಿಯ ಹೊಯ್ಸಳ ಗುಡಿಗಳು ಬಹಳ ಅಪರೂಪ. ನಾವು ಹೋದಾಗ ಅಲ್ಲಿದ್ದದ್ದು ನಾವಿಬ್ಬರು, ಡ್ರೈವರ್, ಒಂದು ಕರು. ಬಾಗಿಲ ಬಳಿ ದ್ವಾರಪಾಲಕರು ನಿಂತಿದ್ದಾರೆ. ಮೇಷ್ಟ್ರು ಅಲ್ಲಿ ನಿಲ್ಲಿಸಿ ಹೇಳಿದರು, ಇದು ರೂವಾರಿ ಮಲ್ಲಿತಮ್ಮನ ಕೈಕೆಲಸ. ತನ್ನ ಹೆಸರು ಬರೆದಿಟ್ಟಿದ್ದಾನೆ. ರೂವಾರಿ ಅಂದರೆ ಶಿಲ್ಪಿ. 1196ರ ಅಮೃತಾಪುರದಲ್ಲಿ ಉಳಿ ಹಿಡಿದವನು, ನುಗ್ಗೇಹಳ್ಳಿಯಲ್ಲಿ ಕೆತ್ತಿದ, ಕೊನೆಗೆ ಸೋಮನಾಥಪುರದಲ್ಲೂ ಕೆತ್ತಿದ. ಅರವತ್ತು ವರ್ಷಕ್ಕೂ ಮೇಲೆ ಕಲ್ಲಿನ ಜೊತೆ ಬದುಕಿದ ಮನುಷ್ಯ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದಾಗ ನಾವು ಸ್ಟುಡಿಯೋದಲ್ಲಿ ಸಂಭ್ರಮಿಸಿದೆವು, ಸೋಮನಾಥಪುರವನ್ನು ಡ್ರೋನ್‌ನಲ್ಲಿ ತೋರಿಸಿದೆವು. ಅದೇ ಕೈ ಕೆತ್ತಿದ ಗೋವಿಂದನಹಳ್ಳಿಯನ್ನು ನಾವು ಒಂದು ಸೆಕೆಂಡೂ ತೋರಿಸಿಲ್ಲ. ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ ಅನ್ನೋದು ಸತ್ಯ.

ದಾರಿಯಲ್ಲಿ ಇನ್ನೊಂದು ಊರಲ್ಲಿ ಇಳಿದೆವು. ಊರ ಹೆಸರು ಬೇಡ. ಗುಡಿ ಹಿಂದೆ ಒಂದು ಶಾಸನದ ಕಲ್ಲು ಅಡ್ಡ ಬಿದ್ದಿತ್ತು. ಅದರ ಮೇಲೆ ಬಟ್ಟೆ ಒಗೆದು ಒಗೆದು ಅಕ್ಷರ ಅರ್ಧ ಸವೆದಿತ್ತು. ಮೇಷ್ಟ್ರು ಬಗ್ಗಿ ಬೆರಳಿಂದ ಉಳಿದ ಅಕ್ಷರ ಸವರಿದರು. "ಇದನ್ನ ಯಾವ ಸುಲ್ತಾನನೂ ಸವೆಸಲಿಲ್ಲ, ಯಾವ ಪೇಶ್ವೆನೂ ಸವೆಸಲಿಲ್ಲ. ಸೋಪು ಸವೆಸಿತು" ಅಂದರು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ತಾಯಿ ಕೇಳಿದರು, ಏನ್ ಬರೆದೈತಪ್ಪ ಅದ್ರಲ್ಲಿ? ನಿಮ್ಮೂರಿನ ಗುಡಿಗೆ ಯಾರೋ ಭೂಮಿ ಬಿಟ್ಟಿದ್ದಾರಮ್ಮ, ಆಳಿಸಿದವರಿಗೆ ಕಾಶಿಯಲ್ಲಿ ಪಾಪ ಮಾಡಿದ ಫಲ ಅಂತ ಶಾಪನೂ ಐತೆ ಅಂದರು. ಆಯಮ್ಮ ಬಟ್ಟೆ ಎತ್ತಿಕೊಂಡು ಪಕ್ಕದ ಕಲ್ಲಿಗೆ ಹೋದರು. ಕೈ ಮುಗಿದು ಹೋದರು. ಬೇಕೆಂದೇ ಮಾಡಿದ ತಪ್ಪಲ್ಲ ನೋಡಿ. ಆ ಕಲ್ಲಲ್ಲಿ ಏನಿದೆ ಅಂತ ಅವರಿಗೆ ಯಾರೂ ಓದಿ ಹೇಳಿರಲಿಲ್ಲ, ಅಷ್ಟೇ. ಹೇಳಬೇಕಾದವರಲ್ಲಿ ನಾನೂ ಒಬ್ಬ ಅಲ್ವಾ?

ಅಲ್ಲಿಂದ ನಾಗಮಂಗಲ ತಾಲೂಕಿನ ಕಂಬದಹಳ್ಳಿ. ಎತ್ತರದ ಬ್ರಹ್ಮದೇವರ ಕಂಬದಿಂದಲೇ ಊರಿಗೆ ಹೆಸರು. ಗಂಗರ ಕಾಲದ ಪಂಚಕೂಟ ಬಸದಿ, ಸಾವಿರ ವರ್ಷದ ಹತ್ತಿರ ಹತ್ತಿರ. ಇದು ಹಿಂದೂ ದೇವಸ್ಥಾನಗಳ ಯಾತ್ರೆ ಅಲ್ವಾ ಮೇಷ್ಟ್ರೇ, ಜೈನ ಬಸದಿ ಯಾಕೆ ಅಂದೆ. ಶ್ರೀರಂಗಪಟ್ಟಣದಲ್ಲಿ ಕಳಸವಾಡಿ ಕಥೆ ಕೇಳಿದ್ರಲ್ಲ, ಅದರ ಇನ್ನೊಂದು ಮುಖ ಕೇಳೋಕೆ ಅಂದರು.

ಕೇಳಿ. 1368. ಇಲ್ಲಿಗೆ ಹತ್ತಿರದ ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿತ್ತು. ನಮಗೆ ಅನ್ಯಾಯವಾಗಿದೆ ಅಂತ ಜೈನರು ದೊರೆಯ ಬಳಿ ದೂರು ಒಯ್ದರು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿದ. ಶ್ರೀರಂಗ, ತಿರುಮಲೆ, ಕಂಚಿ, ನಾವು ರಾತ್ರಿ ಉಳಿದಿದ್ದ ಮೇಲುಕೋಟೆ, ಅಂದರೆ ತಿರುನಾರಾಯಣಪುರ, ಎಲ್ಲ ಕಡೆಯ ಆಚಾರ್ಯರೂ ಬಂದರು. ತಿರುಕುಲದವರೂ ಇದ್ದರು. ಅದೂ ಒಂದು ಡಿಬೇಟೇ ಅಲ್ವಾ? ಆದರೆ ಬುಕ್ಕರಾಯ ಯಾರನ್ನೂ 'ಹೌದಾ ಇಲ್ವಾ' ಅಂತ ಕೇಳಲಿಲ್ಲ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಬರುವ ಹಾನಿಯನ್ನು ವೈಷ್ಣವರು ತಮಗೇ ಬಂದ ಹಾನಿ ಅಂತ ತಿಳೀಬೇಕು ಅಂತ ಕಟ್ಟು ಮಾಡಿದ. ಮಾತಿಗೆ ನಿಲ್ಲಿಸಲಿಲ್ಲ, ಲೆಕ್ಕವನ್ನೂ ಬರೆಸಿದ. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಅದನ್ನು ಕೂಡಿಸೋದು ತಿರುಮಲೆಯ ತಾತಯ್ಯ, ಒಬ್ಬ ವೈಷ್ಣವ. ಆ ಹಣದಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳು ಇಡಬೇಕು, ಉಳಿದ ದುಡ್ಡಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು.

ಗಮನಿಸಿ. ಕೆಡವಿದವರು ಯಾರು ಅನ್ನೋ ಎರಡನೇ ಪ್ರಶ್ನೆಯಿಂದ ಜಗಳ ಶುರುವಾಗಿತ್ತು. ಬುಕ್ಕರಾಯ ಅದನ್ನು ಮುಗಿಸಿದ್ದು ಮೂರನೇ ಪ್ರಶ್ನೆಯಿಂದ. ಕಾಯುವವರು ಯಾರು, ಸುಣ್ಣ ಬಳಿಯುವವರು ಯಾರು, ದುಡ್ಡು ಎಲ್ಲಿಂದ. ಇದಾದ 86 ವರ್ಷಕ್ಕೆ ಕಳಸವಾಡಿಯ ಬಸದಿಗಳು ಬಿದ್ದವು ಅನ್ನುತ್ತೆ ಆ ಇನ್ನೊಂದು ಕಥೆ. ಅಂದರೆ ಒಂದು ಸಲ ಶಾಸನ ಬರೆಸಿದರೆ ಸಾಲದು. ಪ್ರತಿ ತಲೆಮಾರೂ ಹೊಸದಾಗಿ ಸುಣ್ಣ ಬಳೀಬೇಕು.

ಕೊನೆಗೆ ನಾಗಮಂಗಲ. ಹೊಯ್ಸಳರ ಕಾಲದ ಸೌಮ್ಯಕೇಶವ, ವಿಜಯನಗರದ ಕಾಲಕ್ಕೆ ಬೆಳೆದ ಎತ್ತರದ ಗೋಪುರ. ಕಂಚು ಹಿತ್ತಾಳೆ ಎರಕಕ್ಕೆ ಹೆಸರಾದ ಊರು. 1792ರಲ್ಲಿ ಟಿಪ್ಪು ಮೇಲಿನ ಯುದ್ಧದಲ್ಲಿ ಮರಾಠರ ದಂಡು ಈ ಊರನ್ನು ಸುಟ್ಟಿತು. ಸುತ್ತಮುತ್ತ ಒಂದೂವರೆ ಲಕ್ಷ ತೆಂಗಿನ ಮರ ಕಡಿದರು ಅಂತ ಗೆಜೆಟಿಯರ್ ಹೇಳುತ್ತೆ. ಒಂದೂವರೆ ಲಕ್ಷ! ತೆಂಗಿನ ಸಸಿ ಫಲಕ್ಕೆ ಬರೋಕೆ ಎಷ್ಟು ವರ್ಷ ಬೇಕು ಅಂತ ನಾಗಮಂಗಲದ ರೈತರನ್ನು ಕೇಳಿ ನೋಡಿ. ಆ ಮರ ಕಡಿದ ರೈತನಿಗೆ ಯಾವ ಇತಿಹಾಸದ ಚರ್ಚೆಯಲ್ಲೂ ಕುರ್ಚಿ ಹಾಕಿಲ್ಲ. ಆದರೂ ಇವತ್ತು ದಾರಿ ಉದ್ದಕ್ಕೂ ತೆಂಗು ನಿಂತಿದೆ. ಯಾರೋ ನೆಟ್ಟರು, ಯಾರೋ ನೀರು ಹೊಯ್ದರು.

ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿದು ಮೇಷ್ಟ್ರನ್ನು ಬೀಳ್ಕೊಟ್ಟೆ. ಕಾರಲ್ಲೇ ಬಿಡ್ತೀನಿ ಅಂದರೂ ಕೇಳಲಿಲ್ಲ, ಬಸ್ಸಿಗೇ ಹೋದರು. ಹತ್ತುವ ಮುಂಚೆ ಒಂದು ಮಾತು ಕೇಳಿದೆ: ನಾನು ಎರಡನೇ ಪ್ರಶ್ನೆ ಕೇಳೋದನ್ನ ಬಿಡಬೇಕಾ ಮೇಷ್ಟ್ರೇ? "ಬಿಡಬ್ಯಾಡಿ. ಕೆಡವಿದ್ದನ್ನ ಮುಚ್ಚಿಟ್ರೆ ಅದೂ ಸುಳ್ಳೇ. ಮೂರನ್ನೂ ಕೇಳಿ. ಮತ್ತೆ ಕೇಳುವಾಗ ಎಲ್ಲರ ಹೆಸರನ್ನೂ ಹೇಳಿ, ನಿಮ್ಮದೂ ಸೇರಿಸಿ" ಅಂದರು.

ಮುಂದಿನ ವಾರ ದೇವಸ್ಥಾನಗಳ ಬಗ್ಗೆ ಮತ್ತೆ ಚರ್ಚೆ ಬಂತು. ಅದೇ ಕುರ್ಚಿಗಳು, ಅದೇ ಅತಿಥಿಗಳು. ಅರ್ಧ ಗಂಟೆ ಆದಮೇಲೆ ಕೇಳಿದೆ: ಸಾರ್, ನಿಮ್ಮ ಸ್ವಂತ ಊರಿನ ಹಳೇ ಗುಡಿ ಯಾವುದು? ಅದನ್ನ ಯಾರು ಕಟ್ಟಿಸಿದ್ದು? ಈಗ ಯಾರು ಬಾಗಿಲು ತೆಗೆದು ದೀಪ ಹಚ್ತಾರೆ? ಎಡದವರು ಬಲದವರನ್ನು ನೋಡಿದರು, ಬಲದವರು ನೀರು ಕುಡಿದರು. ಟೀವಿಯಲ್ಲಿ ಹತ್ತು ಸೆಕೆಂಡ್ ಮೌನ ಅಂದರೆ ಬಹಳ ದೊಡ್ಡದು. ಆ ಮೌನದಲ್ಲಿ ನಾನೂ ಪಾಲುದಾರ, ಯಾಕೆಂದರೆ ನಮ್ಮೂರ ಗುಡಿ ಕಟ್ಟಿಸಿದವರ ಹೆಸರು ನನಗೂ ಗೊತ್ತಿರಲಿಲ್ಲ.

ವೀಕ್ಷಕರೇ, ಮುಂದಿನ ಸಲ ನಿಮಿಷಾಂಬನ ದರ್ಶನಕ್ಕೆ ಹೋದಾಗ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹೊಸಹೊಳಲಿಗೆ ಹೋಗಿ, ಗೋವಿಂದನಹಳ್ಳಿಗೆ ಹೋಗಿ, ಕಂಬದಹಳ್ಳಿಗೆ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಬಮ್ಮವ್ವೆಯ ಹೆಸರು ಹೇಳಿ, ಮಲ್ಲಿತಮ್ಮನ ಹೆಸರು ಹೇಳಿ. ಹುಂಡಿಗೆ ಹಾಕುವ ಮೊದಲು ಬಾಗಿಲು ತೆಗೆದವರನ್ನು ಮಾತಾಡಿಸಿ. ನಿಮ್ಮೂರಲ್ಲಿ ಅಡ್ಡ ಬಿದ್ದ ಶಾಸನವಿದ್ದರೆ, ದಯವಿಟ್ಟು, ಅದನ್ನು ಎತ್ತಿ ನಿಲ್ಲಿಸಿ.

ನಾನು ಹೋದ ಭಾನುವಾರ ಊರಿಗೆ ಹೋಗಿದ್ದೆ. ನಮ್ಮ ಗುಡಿಯ ಹಿಂದೆಯೂ ಒಂದು ಕಲ್ಲಿದೆ. ಅರ್ಧ ಮಣ್ಣಲ್ಲಿ ಹೂತಿದೆ. ಮೇಷ್ಟ್ರಿಗೆ ಫೋನ್ ಮಾಡಿದ್ದೀನಿ, ಬರ್ತೀನಿ ಅಂದಿದ್ದಾರೆ.